ರಜೆಗೆ ಬಂದ ಮಗ ಹನ್ನೊಂದಕ್ಕೆ ಏಳ್ತಾನೆ, ಏನ್ ಮಾಡ್ಲಿ?

ಪ್ರಶ್ನೆ: ನಮ್ಮದು ಸಾಗರದ ಹತ್ತಿರ ಹಳ್ಳಿ, ಅಡಿಕೆ ತೋಟ ಇದೆ. ಮಗ ಬೆಂಗಳೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಇಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದಾನೆ. ಮೂರನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಡಿಸೆಂಬರ್ ಮೂರನೇ ವಾರ ರಜೆಗೆ ಬಂದ. ರಾತ್ರಿ ಎರಡು ಮೂರರ ತನಕ ಫೋನು, ಏಳುವುದು ಹನ್ನೊಂದಕ್ಕೆ. ಊಟಕ್ಕೆ ಕರೆದರೆ ‘ಬಂದೆ’ ಅನ್ನುತ್ತಾನೆ, ಬರುವುದು ಅರ್ಧ ಗಂಟೆ ಬಿಟ್ಟು. ಏನು ಕೇಳಿದರೂ ‘ಹ್ಞೂಂ’, ‘ಗೊತ್ತಿಲ್ಲ’. ಈಗ ಅಡಿಕೆ ಕೊನೆ (ಗೊನೆ) ಕೊಯ್ಲಿನ ಕಾಲ, ಆಳು ಸಿಗುತ್ತಿಲ್ಲ. ‘ಇಷ್ಟು ದುಡ್ಡು ಸುರಿದು ಓದಿಸ್ತಾ ಇದ್ದೀವಿ, ಅಂಗಳಕ್ಕೂ ಇಳಿಯಲ್ಲ’ ಅಂತ ನಮ್ಮನೆಯವರು ಕೂಗಾಡುತ್ತಾರೆ. ಮಗಳು ಸೆಕೆಂಡ್ ಪಿಯುಸಿ, ಈ ಗಲಾಟೆಯಲ್ಲಿ ಅವಳಿಗೆ ಓದಲು ಆಗುತ್ತಿಲ್ಲ. ಈಗ ಇವನು ಫ್ರೆಂಡ್ಸ್ ಜೊತೆ ಟ್ರಿಪ್ ಇದೆ, ಸಂಕ್ರಾಂತಿಗೆ ನಾಲ್ಕು ದಿನ ಮೊದಲೇ ಹೋಗ್ತೀನಿ ಅನ್ನುತ್ತಿದ್ದಾನೆ. ಮೊದಲು ಹೀಗಿರಲಿಲ್ಲ. ಏನು ಮಾಡಲಿ?

ಉತ್ತರ: ಕಾಲೇಜು ಮಕ್ಕಳ ಆಪ್ತಸಮಾಲೋಚನೆ ನನ್ನ ಕೆಲಸ. ಹೊಸ ವರ್ಷ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಒಬ್ಬರದು ಕಾಫಿ ತೋಟ, ಇನ್ನೊಬ್ಬರದು ದಾವಣಗೆರೆಯಲ್ಲಿ ಅಂಗಡಿ, ಮತ್ತೊಬ್ಬರು ಮೈಸೂರಿನಲ್ಲಿ ಬ್ಯಾಂಕ್ ಉದ್ಯೋಗಿ. ಹನ್ನೊಂದು ಗಂಟೆ ಮಾತ್ರ ಎಲ್ಲರ ಮನೆಯಲ್ಲೂ ಒಂದೇ! ಇದೇ ಕಥೆಯ ಇನ್ನೊಂದು ಮಗ್ಗುಲೂ ನನ್ನ ಕಿವಿಗೆ ಬೀಳುತ್ತದೆ. ರಜೆ ಮುಗಿಸಿ ಬಂದ ಮಕ್ಕಳು ಹೇಳುತ್ತಾರೆ: ಮೊದಲ ನಾಲ್ಕು ದಿನ ಚೆನ್ನಾಗಿತ್ತು, ಆಮೇಲೆ ಯಾವಾಗ ವಾಪಸ್ ಹೋಗ್ತೀನೋ ಅನ್ನಿಸಿಬಿಡ್ತು.

ಮೊದಲು ನಿದ್ದೆಯ ಲೆಕ್ಕ ಹಾಕೋಣ. ಮೂರಕ್ಕೆ ಮಲಗಿ ಹನ್ನೊಂದಕ್ಕೆ ಎದ್ದರೆ ಎಂಟು ಗಂಟೆ ಆಯಿತು. ನೀವು ಹತ್ತಕ್ಕೆ ಮಲಗಿ ಐದಕ್ಕೆ ಎದ್ದರೆ ಏಳು ಗಂಟೆ. 18ರಿಂದ 25ರ ವಯಸ್ಸಿನವರಿಗೆ ತಜ್ಞರು ಹೇಳುವುದು 7ರಿಂದ 9 ಗಂಟೆ. ಅಂದರೆ ನಿಮ್ಮ ಮಗ ಜಾಸ್ತಿ ನಿದ್ದೆ ಮಾಡುತ್ತಿಲ್ಲ, ತಡವಾಗಿ ಮಾಡುತ್ತಿದ್ದಾನೆ. ಈ ಎರಡಕ್ಕೂ ತುಂಬಾ ವ್ಯತ್ಯಾಸ ಇದೆ.

ತಡ ಆಗುವುದಕ್ಕೆ ಫೋನೊಂದೇ ಕಾರಣ ಅಲ್ಲ. ಹದಿವಯಸ್ಸು ಶುರುವಾದಾಗಿನಿಂದ ಮೈಯೊಳಗಿನ ಗಡಿಯಾರ ಹಿಂದೆ ಹಿಂದೆ ಸರಿಯುತ್ತಾ ಹೋಗುತ್ತದೆ. ನಿದ್ದೆ ಬರುವ ಹೊತ್ತು ವರ್ಷದಿಂದ ವರ್ಷಕ್ಕೆ ತಡವಾಗುತ್ತದೆ. ಜರ್ಮನಿಯ ಮ್ಯೂನಿಕ್‌ನ ಸಂಶೋಧಕ ಟಿಲ್ ರೊನೆಬರ್ಗ್ ಮತ್ತು ಅವರ ಜೊತೆಗಾರರು ಸಾವಿರಾರು ಜನರ ನಿದ್ದೆಯ ವೇಳೆ ಕೇಳಿ 2004ರಲ್ಲಿ ಇದನ್ನು ತೋರಿಸಿದರು. ಜೀವನದಲ್ಲೇ ಅತಿ ತಡವಾಗಿ ಮಲಗುವ ವಯಸ್ಸು ಸುಮಾರು 20. ಹುಡುಗಿಯರಲ್ಲಿ ಸ್ವಲ್ಪ ಮೊದಲು, ಹುಡುಗರಲ್ಲಿ ಸ್ವಲ್ಪ ಆಮೇಲೆ. ಅದಾದ ಮೇಲೆ ಗಡಿಯಾರ ಮೆಲ್ಲಗೆ ಮುಂದಕ್ಕೆ ಬರುತ್ತದೆ. ನಿಮ್ಮ ಮಗ ಈಗ ಸರಿಯಾಗಿ ಆ ತುದಿಯಲ್ಲಿದ್ದಾನೆ. ಅದರ ಮೇಲೆ ಹಾಸ್ಟೆಲ್ ಅಭ್ಯಾಸ ಬೇರೆ. ಅಲ್ಲಿ ಗಲಾಟೆ ನಿಲ್ಲುವುದೇ ಹನ್ನೊಂದರ ಮೇಲೆ, ಓದು, ಹರಟೆ, ಮ್ಯಾಗಿ ಎಲ್ಲ ಶುರುವಾಗುವುದೂ ಆಗಲೇ. ಪರೀಕ್ಷೆ ಹೊತ್ತಿನಲ್ಲಿ ನಾಲ್ಕೈದು ಗಂಟೆ ಮಲಗಿ ಎದ್ದವರೇ ಜಾಸ್ತಿ. ಆ ಬಾಕಿ ಎಲ್ಲ ಮನೆಗೆ ಬಂದ ಮೊದಲ ವಾರ ತೀರಿಸುತ್ತಾರೆ.

ನಮ್ಮ ಸೀಮೆಯವರು ರಾತ್ರಿ ನಿದ್ದೆಗೆಟ್ಟಿದ್ದೇ ಇಲ್ಲವೇನೋ ಎಂಬಂತೆ ಮಾತಾಡುವುದು ನನಗೆ ಸ್ವಲ್ಪ ತಮಾಷೆ ಅನಿಸುತ್ತದೆ. ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟರೆ ಬೆಳಗಿನ ತನಕ ಆಟ ನೋಡಿ, ಮರುದಿನ ಮಧ್ಯಾಹ್ನದವರೆಗೆ ಮಲಗಿದವರು ನಿಮ್ಮ ಮನೆಯಲ್ಲೂ ಇರಬೇಕು. ನಿಮ್ಮನೆಯವರನ್ನೇ ಒಮ್ಮೆ ಕೇಳಿ ನೋಡಿ.

ಹಾಗಂತ ರಜೆಯುದ್ದಕ್ಕೂ ಹೀಗೇ ಬಿಡಿ ಅಂತ ನಾನು ಹೇಳುತ್ತಿಲ್ಲ. ಬಂದ ಮೊದಲ ಐದಾರು ದಿನ ಎಬ್ಬಿಸಲೇಬಾರದು. ನಿಮ್ಮಲ್ಲಿ ಆ ದಿನಗಳು ಆಗಲೇ ಮುಗಿದಿವೆ. ಇನ್ನು ನಾಳೆಯಿಂದ ಆರಕ್ಕೆ ಏಳು ಅಂದರೆ ಆಗುವುದಿಲ್ಲ. ಬಲವಂತವಾಗಿ ಎದ್ದರೂ ಮಧ್ಯಾಹ್ನ ಉಂಡು ಮಲಗಿ ಮತ್ತೆ ಅದೇ ಕಥೆ. ಎರಡು ದಿನಕ್ಕೊಮ್ಮೆ ಅರ್ಧ ಗಂಟೆ ಬೇಗ ಏಳುವಂತೆ ಮಾಡಿದರೆ ಸಾಕು. ಎದ್ದ ತಕ್ಷಣ ಕಾಫಿ ಲೋಟ ಹಿಡಿದು ಅಂಗಳದ ಬಿಸಿಲಿಗೆ ಬರಲಿ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ಅಂದಿನ ನಿದ್ದೆ ಬೇಗ ಬರುತ್ತದೆ. ಕೋಣೆಯ ಕಿಟಕಿ ಮುಚ್ಚಿ ಕಂಬಳಿಯೊಳಗೆ ಫೋನ್ ನೋಡುತ್ತಾ ಎದ್ದರೆ ಆ ಉಪಕಾರ ಇಲ್ಲ. ಸಂಜೆ ಆರರ ಮೇಲೆ ಕಾಫಿ ಬೇಡ. ಮಲೆನಾಡಿನ ಮನೆಯಲ್ಲಿ ಇದು ಕಷ್ಟದ ಮಾತು, ಗೊತ್ತು. ಆದರೆ ಕಾಫಿಯ ಅರ್ಧ ಭಾಗ ಮೈಯಿಂದ ಇಳಿಯಲು ಸುಮಾರು ಐದು ಗಂಟೆ ಬೇಕು. ಹೀಗೆ ಮಾಡಿದರೆ ವಾಪಸ್ ಹೋಗುವ ಹೊತ್ತಿಗೆ ಎಂಟೂವರೆಗೆ ಏಳುವ ಹಂತಕ್ಕೆ ಬರಬಹುದು. ಕಾಲೇಜಿಗೆ ಅಷ್ಟು ಸಾಕು. ಧನುರ್ಮಾಸದ ಪೂಜೆಗೆ ನಸುಕಿನಲ್ಲಿ ದೇವಸ್ಥಾನಕ್ಕೆ ಬರಲಿಲ್ಲ ಅಂತ ಬೇಜಾರು ಬೇಡ. ಹುಗ್ಗಿ ತೆಗೆದಿಟ್ಟರೆ ಹನ್ನೊಂದಕ್ಕೆ ತಿನ್ನುತ್ತಾನೆ.

ಈಗ ತೋಟದ ವಿಷಯ. ನಿಮ್ಮ ಪತ್ರದಲ್ಲಿ ನಿಜವಾದ ಸಮಸ್ಯೆ ಇರುವುದು ಇಲ್ಲಿ ಅಂತ ನನಗೆ ಅನಿಸಿತು. ಬೆಳಗ್ಗೆ ಏಳಕ್ಕೆ ಕೊನೆಗಾರ ಬಂದಾಗ ಇವನು ಮಲಗಿರುತ್ತಾನೆ. ಯಜಮಾನರಿಗೆ ಕಾಣುವುದು ಅದೊಂದೇ. ಆದರೆ ಅಡಿಕೆ ಕೆಲಸ ಬೆಳಗ್ಗೆ ಮಾತ್ರ ನಡೆಯುತ್ತದೆಯೇ? ಕೊಯ್ದ ಕೊನೆ ಮನೆಗೆ ಬರುವುದು ಮಧ್ಯಾಹ್ನ. ಸುಲಿಯುವುದು ಸಂಜೆಯಿಂದ ರಾತ್ರಿ ತನಕ. ಆಮೇಲೆ ಚೊಗರು (ಹಿಂದೆ ಅಡಿಕೆ ಬೇಯಿಸಿದ ಕಂದು ರಸ) ಹಾಕಿ ಹಂಡೆಯಲ್ಲಿ ಬೇಯಿಸುವುದು, ಬೆಂದದ್ದನ್ನು ಬಸಿಯುವುದು. ಮರುದಿನ ಹರವುವುದು. ಇಬ್ಬನಿ ಬೀಳುವ ಮೊದಲು ಒಟ್ಟು ಮಾಡಿ ಮುಚ್ಚುವುದು. ಇದರಲ್ಲಿ ಅರ್ಧಕ್ಕರ್ಧ ಕೆಲಸ ರಾತ್ರಿ ಎಚ್ಚರ ಇರುವವನಿಗೆ ಹೇಳಿ ಮಾಡಿಸಿದಂತಿದೆ. ಹತ್ತು ಗಂಟೆಗೆ ಕಣ್ಣು ಎಳೆಯುವ ಅಪ್ಪ ಹಂಡೆ ಮುಂದೆ ಕೂತು, ಕಣ್ಣಲ್ಲಿ ನಿದ್ದೆಯ ಸುಳಿವಿಲ್ಲದ ಮಗ ಒಳಗೆ ಮಲಗಿ ಫೋನ್ ನೋಡುವುದು ಯಾವ ಲೆಕ್ಕ?

ಹಾಗಾಗಿ ಬೆಳಗಿನ ಜಗಳ ಬಿಡಿ, ಸಂಜೆಯ ಪಾಳಿ ಅವನಿಗೆ ಕೊಡಿ. ಕೊಡುವಾಗ ಪೂರ್ತಿಯಾಗಿ ಕೊಡಿ. ‘ಬಾ, ಸ್ವಲ್ಪ ಕೈಜೋಡಿಸು’ ಅಂದರೆ ಯಾವ ಹುಡುಗನೂ ಬರುವುದಿಲ್ಲ. ಬಂದರೂ ಅಪ್ಪ ಪಕ್ಕದಲ್ಲಿ ನಿಂತು ಹಾಗಲ್ಲ ಹೀಗೆ ಅನ್ನುತ್ತಾರೆ, ಎರಡನೇ ದಿನ ಅವನಿಗೆ ತಲೆನೋವು ಬರುತ್ತದೆ. ಬದಲಿಗೆ, ಸುಲಿದವರ ಲೆಕ್ಕ ಇಡುವುದು, ಅವರಿಗೆ ಸಂಜೆಯ ಚಹಾ ತಿಂಡಿ ತಲುಪಿಸುವುದು, ವಾರದ ಬಟವಾಡೆ ಮಾಡುವುದು, ದಿನಾ ಎಪಿಎಂಸಿ ಮಾರುಕಟ್ಟೆಯ ಧಾರಣೆ ನೋಡಿ ರಾಶಿ ಅಡಿಕೆಗೆ ಎಷ್ಟು, ಬೆಟ್ಟೆ ಅಡಿಕೆಗೆ ಎಷ್ಟು ಅಂತ ಬರೆದಿಡುವುದು, ಇಷ್ಟೂ ಇವನದು. ತಪ್ಪಿದರೆ ತಪ್ಪಲಿ, ಸರಿ ಮಾಡುವವನೂ ಇವನೇ. ಚೀಟಿಯಲ್ಲಿ ಬರೆಯದೆ ಮೊಬೈಲ್ ಶೀಟ್‌ನಲ್ಲಿ ಹಾಕುತ್ತಾನೆ, ಹಾಕಲಿ ಬಿಡಿ. ಕಾರ್ಬನ್ ಫೈಬರ್ ದೋಟಿಯಲ್ಲಿ (ಉದ್ದನೆಯ ಕೋಲಿನಲ್ಲಿ) ನೆಲದ ಮೇಲೇ ನಿಂತು ಕೊನೆ ಇಳಿಸುವುದನ್ನು ಈಗ ಎಷ್ಟೋ ಹುಡುಗರು ಕಲಿತಿದ್ದಾರೆ. ಅವನಿಗೆ ಆಸಕ್ತಿ ಇದ್ದರೆ ಬಲ್ಲವರ ಜೊತೆ ಕಳಿಸಿ. ಇಲ್ಲದಿದ್ದರೆ ಒತ್ತಾಯ ಬೇಡ. ಭುಜ ಹಿಡಿದುಕೊಂಡು ಬಂದು ಮತ್ತೆ ಮಲಗುತ್ತಾನೆ!

ನಿಮ್ಮನೆಯವರ ಸಿಟ್ಟಿನ ಬಗ್ಗೆ ಒಂದು ಮಾತು. ಮಲೆನಾಡಿನ ತೋಟಗಳಿಗೆ ಕೆಲವು ವರ್ಷಗಳಿಂದ ಎಲೆಚುಕ್ಕಿ ರೋಗ ಬಿದ್ದಿದೆ. ಮಳೆಗಾಲದ ಕೊಳೆ ರೋಗ ಮೊದಲೇ ಇತ್ತು. ಆಳಿನ ಕೂಲಿ ಏರಿದೆ. ಅದರ ನಡುವೆ ಫೀಸು, ಹಾಸ್ಟೆಲ್ ಬಾಡಿಗೆ ಕಟ್ಟುತ್ತಿದ್ದಾರೆ. ಈ ಭಯವೆಲ್ಲ ಮಗನ ಹನ್ನೊಂದು ಗಂಟೆಯ ಮೇಲೆ ಹೋಗಿ ಬೀಳುತ್ತಿದೆ ಅಂತ ನನ್ನ ಅನುಮಾನ. ಮಗನಿಗೆ ಇದರಲ್ಲಿ ಎಷ್ಟು ಗೊತ್ತು? ಬಹಳ ಮನೆಗಳಲ್ಲಿ ಏನೂ ಗೊತ್ತಿರುವುದಿಲ್ಲ. ‘ಓದುವ ಹುಡುಗನಿಗೆ ಯಾಕೆ ತಲೆಬಿಸಿ’ ಅಂತ ಮುಚ್ಚಿಡುತ್ತೇವೆ, ಆಮೇಲೆ ‘ಮನೆಯ ಕಷ್ಟ ಅರ್ಥ ಆಗಲ್ಲ’ ಅಂತ ಬೈಯುತ್ತೇವೆ. ಒಂದು ಸಂಜೆ ಅಪ್ಪನೇ ಅವನನ್ನು ಕೂರಿಸಿಕೊಂಡು ಈ ವರ್ಷ ಬೆಳೆ ಎಷ್ಟು, ಸೊಸೈಟಿ ಸಾಲ ಎಷ್ಟು, ಅವನ ಓದಿನ ಖರ್ಚು ಎಷ್ಟು ಅಂತ ಹೇಳಲಿ. ದೂರುವ ದನಿ ಬೇಡ. ಹತ್ತೊಂಬತ್ತು ಇಪ್ಪತ್ತರ ಹುಡುಗನಿಗೆ ಆ ಲೆಕ್ಕ ಅರ್ಥವಾಗುತ್ತದೆ. ಮೂರನೇ ಸೆಮಿಸ್ಟರ್ ಗಣಿತಕ್ಕಿಂತ ಸುಲಭ ಅದು.

18ರಿಂದ 25ರ ವಯಸ್ಸಿನವರೆಗಿನ ಈ ಕಾಲ ಬದುಕಿನ ಒಂದು ಬೇರೆಯೇ ಘಟ್ಟ ಅಂತ ಮೊದಲು ಗಟ್ಟಿಯಾಗಿ ವಾದಿಸಿದವರು ಅಮೆರಿಕದ ಮನಃಶಾಸ್ತ್ರಜ್ಞ ಜೆಫ್ರಿ ಆರ್ನೆಟ್, 2000ರಲ್ಲಿ. ‘ನೀವು ದೊಡ್ಡವರಾಗಿದ್ದೀರಾ?’ ಅಂತ ಕೇಳಿದರೆ ಈ ವಯಸ್ಸಿನ ಬಹಳ ಜನ ಕೊಡುವ ಉತ್ತರ ‘ಕೆಲವು ವಿಷಯದಲ್ಲಿ ಹೌದು, ಕೆಲವು ವಿಷಯದಲ್ಲಿ ಇಲ್ಲ’. ಅವರದು ಅಲ್ಲಿಯ ಸಮಾಜದ ಅಧ್ಯಯನ, ನಮ್ಮ ಅವಿಭಕ್ತ ಮನೆಗಳಿಗೆ ಪೂರ್ತಿ ಒಪ್ಪುವುದಿಲ್ಲ. ಆದರೆ ಆ ಉತ್ತರ ಮಾತ್ರ ನಮ್ಮ ಮಕ್ಕಳದೂ ಹೌದು. ಹಾಸ್ಟೆಲ್‌ನಲ್ಲಿ ಜ್ವರ ಬಂದರೆ ತಾನೇ ಮಾತ್ರೆ ತಂದುಕೊಳ್ಳುತ್ತಾನೆ. ತಿಂಗಳ ದುಡ್ಡು ತಾನೇ ತೂಗಿಸುತ್ತಾನೆ, ಬಟ್ಟೆ ಒಗೆದುಕೊಳ್ಳುತ್ತಾನೆ. ಮನೆ ಹೊಸ್ತಿಲು ದಾಟಿದ ಕೂಡಲೇ ‘ತಿಂದ್ಯಾ, ಸ್ನಾನ ಮಾಡಿದ್ಯಾ, ಯಾರ ಫೋನು?’ ಅನ್ನುವುದು ಶುರುವಾಗುತ್ತದೆ. ಅವನೂ ಸುಮ್ನೆ ಇರುವುದಿಲ್ಲ. ತಿಂದ ತಟ್ಟೆ ಅಲ್ಲೇ ಬಿಡುತ್ತಾನೆ, ಒಗೆಯುವ ಬಟ್ಟೆ ರಾಶಿ ಹಾಕುತ್ತಾನೆ. ಎರಡೂ ಕಡೆಯವರು ಪಿಯುಸಿ ದಿನಗಳಿಗೆ ಹೋಗಿಬಿಡುತ್ತಾರೆ. ತಟ್ಟೆ ಅವನೇ ತೊಳೆಯಲಿ, ಬಟ್ಟೆ ಅವನೇ ಒಗೆಯಲಿ. ಇದರಲ್ಲಿ ನೀವು ಕರಗಬೇಡಿ. ಬಂದ ಮೊದಲೆರಡು ದಿನ ಕಡುಬು, ನೀರುದೋಸೆ, ತಂಬುಳಿ ಮಾಡಿ ಬಡಿಸಿದ್ದೀರಿ, ಅದು ತಾಯಿಯ ಖುಷಿ. ತಿಂಗಳಿಡೀ ನೆಂಟರ ಉಪಚಾರ ನಡೆಯಬೇಕಾಗಿಲ್ಲ.

ಇನ್ನು ‘ಹ್ಞೂಂ’, ‘ಗೊತ್ತಿಲ್ಲ’. ನೀವು ಕೇಳುವ ಹೊತ್ತು ಯಾವುದು ಅಂತ ನೋಡಿಕೊಳ್ಳಿ. ಎದ್ದ ಅರ್ಧ ಗಂಟೆಯೊಳಗೆ, ಎದುರಿಗೆ ನಿಂತು, ‘ಪರೀಕ್ಷೆ ಹೇಗಾಯ್ತು, ಮುಂದೇನು’ ಅಂದರೆ ಬರುವುದು ಹ್ಞೂಂ ಒಂದೇ. ಹುಡುಗರು ಎದುರುಬದುರು ಕೂತು ಮಾತಾಡುವುದಕ್ಕಿಂತ ಕೈಯಲ್ಲಿ ಏನಾದರೂ ಕೆಲಸ ಇದ್ದಾಗ ಚೆನ್ನಾಗಿ ಮಾತಾಡುತ್ತಾರೆ ಅನ್ನುವುದು ನಾನು ವರ್ಷಗಳಿಂದ ನೋಡಿದ್ದು. ಅಡಿಕೆ ಸುಲಿಯುವ ಕಡೆ, ಬೈಕಲ್ಲಿ ಪೇಟೆಗೆ ಹೋಗುವಾಗ, ರಾತ್ರಿ ಹಂಡೆಯ ಬೆಂಕಿ ಮುಂದೆ. ಹಿಂದೆ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತವರ ಬಾಯಲ್ಲಿ ಊರಿನ ಸುದ್ದಿಯೆಲ್ಲ ಬರುತ್ತಿತ್ತಲ್ಲ, ಹಾಗೆ. ನೀವು ಕೇಳಬೇಡಿ, ನಿಮ್ಮ ಸುದ್ದಿ ಹೇಳಿ. ಅವನ ಗೆಳೆಯರ ಹೆಸರು ಹಿಡಿದು ವಿಚಾರಿಸಿ. ರೂಂಮೇಟ್ ಊರು ಯಾವುದು, ಮೆಸ್‌ನಲ್ಲಿ ಭಾನುವಾರ ಏನು ಮಾಡುತ್ತಾರೆ, ಅಷ್ಟು ಸಾಕು. ಫೋನಲ್ಲಿ ಅವನು ನೋಡುತ್ತಿರುವುದೂ ಬಹುಮಟ್ಟಿಗೆ ಅದೇ ಜನರ ಹರಟೆ. ಒಂದೂವರೆ ವರ್ಷದಿಂದ ಹಗಲೂ ರಾತ್ರಿ ಜೊತೆಗಿದ್ದವರು ಈಗ ಬೇರೆ ಬೇರೆ ಊರಲ್ಲಿದ್ದಾರೆ. ಊಟದ ಹೊತ್ತಿಗೆ ಮಾತ್ರ ಫೋನ್ ದೂರ ಇರಲಿ. ಈ ನಿಯಮ ಅಪ್ಪನಿಗೂ ಅನ್ವಯ. ವಾಟ್ಸಾಪ್‌ನಲ್ಲಿ ಅಡಿಕೆ ರೇಟು ನೋಡುವುದೂ ಫೋನೇ.

ದಿನಕ್ಕೊಂದು ಊಟ ಎಲ್ಲರೂ ಒಟ್ಟಿಗೆ ಅಂತ ಮಾಡಿಕೊಳ್ಳಿ, ರಾತ್ರಿಯದೇ ಆಗಬಹುದು. ಉಳಿದದ್ದಕ್ಕೆ ಅವನಿಗೆ ಬೇಕಾದಾಗ ಹಾಕಿಕೊಂಡು ತಿನ್ನಲಿ. ಹೊರಗೆ ಹೋದರೆ ಎಲ್ಲಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಒಂದು ಮೆಸೇಜ್ ಹಾಕಲಿ. ಘಟ್ಟದ ರಸ್ತೆ, ಮಂಜು, ರಾತ್ರಿ ಬೈಕ್. ನಿಮ್ಮ ಹೆದರಿಕೆಗೆ ಕಾರಣ ಇದೆ. ಅದನ್ನು ಹಾಗೇ ಹೇಳಿ: ನೀನು ಬರೋ ತನಕ ನಂಗೆ ನಿದ್ದೆ ಬರಲ್ಲ, ಅದಕ್ಕೆ ಕೇಳ್ತೀನಿ ಅಂತ.

ಮಾರ್ಕ್ಸ್ ಬಗ್ಗೆ ಒಮ್ಮೆ ಕೇಳಿ, ಒಂದೇ ಸಲ. ಫಲಿತಾಂಶ ಬಂದ ದಿನ ಅಥವಾ ನೀವೇ ಮೊದಲೇ ಹೇಳಿದ ದಿನ. ‘ಯಾವುದಾದರೂ ಬ್ಯಾಕ್ ಬೀಳಬಹುದಾ’ ಅಂತ ನೇರವಾಗಿ ಕೇಳಿ, ಬೈಯುವುದಿಲ್ಲ ಅಂತ ಮೊದಲೇ ಮಾತು ಕೊಟ್ಟು ಕೇಳಿ. ಬೀಳಬಹುದು ಅಂದರೆ ಮಾತು ಉಳಿಸಿಕೊಳ್ಳಿ. ಫಲಿತಾಂಶ ಬಂದಮೇಲೆ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಲು ಸಿಗುವುದು ಕೆಲವೇ ದಿನ. ಹೆದರಿ ಮುಚ್ಚಿಟ್ಟರೆ ಆ ದಿನಗಳು ಹೋಗಿಬಿಡುತ್ತವೆ. ನೆಂಟರಿಷ್ಟರು ಬಂದಾಗ ‘ಎಷ್ಟು ಪರ್ಸೆಂಟು, ಪ್ಲೇಸ್‌ಮೆಂಟ್ ಹೇಗಿದೆ’ ಅಂತ ಕೇಳಿಯೇ ಕೇಳುತ್ತಾರೆ. ಅವನು ಉತ್ತರ ಹುಡುಕುವ ಮೊದಲು ನೀವೇ ‘ಅದಕ್ಕೆ ಇನ್ನೂ ಎರಡು ವರ್ಷ ಇದೆ, ಕಾಫಿ ತಗೊಳ್ಳಿ’ ಅಂದುಬಿಡಿ. ಇದೊಂದನ್ನು ಮಾಡಿದ ತಾಯಂದಿರನ್ನು ಮಕ್ಕಳು ನನ್ನ ಮುಂದೆ ನೆನೆಸಿಕೊಂಡಿದ್ದಾರೆ.

ಓದಿಗೆ ಸಂಬಂಧಿಸಿ ರಜೆಯಲ್ಲಿ ಮಾಡಬಹುದಾದದ್ದು ಒಂದಿದೆ, ಹೆಚ್ಚಿನ ಹೆತ್ತವರಿಗೆ ಗೊತ್ತಿರುವುದಿಲ್ಲ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ವಿದ್ಯಾರ್ಥಿಗಳು ನಾಲ್ಕು ವರ್ಷದಲ್ಲಿ ಎಐಸಿಟಿಇ (ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ) ಆಕ್ಟಿವಿಟಿ ಪಾಯಿಂಟ್ಸ್ ಅಂತ 100 ಅಂಕ ಗಳಿಸಬೇಕು. ಡಿಪ್ಲೊಮಾದಿಂದ ನೇರ ಎರಡನೇ ವರ್ಷಕ್ಕೆ ಸೇರಿದವರಿಗೆ 75. ಇದು ಸಿಜಿಪಿಎಗೆ ಸೇರುವುದಿಲ್ಲ, ಆದರೆ ಇದಿಲ್ಲದೆ ಪದವಿ ಸಿಗುವುದಿಲ್ಲ. ಊರಿನ ಶಾಲೆ, ನೀರು, ನೈರ್ಮಲ್ಯ, ಹಳ್ಳಿಗೆ ಬೇಕಾದ ಸಣ್ಣ ತಂತ್ರಜ್ಞಾನ ಇಂಥ ಕೆಲಸಗಳು ಇದರೊಳಗೆ ಬರುತ್ತವೆ. ಕೊನೆಯ ವರ್ಷ ಸರ್ಟಿಫಿಕೇಟ್‌ಗಾಗಿ ಓಡಾಡುವ ಬದಲು ಈಗ ಊರಲ್ಲೇ ಒಂದಿಷ್ಟು ಮಾಡಿ ಮುಗಿಸಬಹುದು. ಯಾವುದಕ್ಕೆ ಎಷ್ಟು ಅಂಕ, ಯಾರ ಸಹಿ ಬೇಕು ಅನ್ನುವುದನ್ನು ಮೊದಲೇ ತನ್ನ ಮೆಂಟರ್ ಹತ್ತಿರ ಕೇಳಿಕೊಳ್ಳಲಿ. ಸುಮ್ನೆ ಮಾಡಿ ಆಮೇಲೆ ಒಪ್ಪಲಿಲ್ಲ ಅಂದರೆ ಕಷ್ಟ.

ಮಗಳ ವಿಷಯ ನೀವು ಒಂದೇ ಸಾಲಿನಲ್ಲಿ ಬರೆದಿದ್ದೀರಿ, ಆದರೆ ಈ ಮನೆಯಲ್ಲಿ ಈಗ ಅವಸರ ಇರುವುದು ಅವಳಿಗೆ. ಮಾರ್ಚ್ ಹೊತ್ತಿಗೆ ಪಿಯುಸಿ ಮೊದಲ ಪರೀಕ್ಷೆ, ವಿಜ್ಞಾನ ತೆಗೆದುಕೊಂಡಿದ್ದರೆ ಅದರ ಹಿಂದೆಯೇ ಸಿಇಟಿ. ಅಣ್ಣ ಅದೇ ದಾರಿಯಲ್ಲಿ ಹೋಗಿ ಬಂದವನು. ಸಂಜೆ ಒಂದು ಗಂಟೆ ಗಣಿತವೋ ಭೌತಶಾಸ್ತ್ರವೋ ಹೇಳಿಕೊಡು ಅಂತ ಅವನಿಗೆ ನೀವು ಹೇಳಬೇಡಿ, ಅವಳೇ ಕೇಳಲಿ. ಅಪ್ಪ ಹೇಳಿದರೆ ಭಾರ, ತಂಗಿ ಕೇಳಿದರೆ ಗತ್ತು. ‘ನಿನ್ನಣ್ಣ ಆಗ ಎಷ್ಟು ತೆಗೆದಿದ್ದ ಗೊತ್ತಾ’ ಅನ್ನುವ ಮಾತು ಮಾತ್ರ ಯಾರ ಬಾಯಲ್ಲೂ ಬರಬಾರದು. ರಾತ್ರಿ ಹತ್ತರ ಮೇಲೆ ಅವನು ಜಗಲಿಗೆ ಹೋಗಿ ಮಾತಾಡಲಿ. ಅವಳ ಕೋಣೆಯ ಪಕ್ಕ ಗೇಮ್, ಕಾಲ್ ಬೇಡ. ಇದರಲ್ಲಿ ರಿಯಾಯಿತಿ ಇಲ್ಲ ಅಂತ ಖಂಡಿತವಾಗಿ ಹೇಳಿ.

‘ಮೊದಲು ಹೀಗಿರಲಿಲ್ಲ’ ಅಂದಿರಲ್ಲ, ಅದನ್ನು ನಾನು ಹಾರಿಸಿ ಹೋಗುವುದಿಲ್ಲ. ಮೇಲೆ ಹೇಳಿದ್ದೆಲ್ಲ ಸಾಮಾನ್ಯವಾಗಿ ದೊಡ್ಡವನಾಗುತ್ತಿರುವ ಹುಡುಗನ ಲಕ್ಷಣ. ಆದರೆ ಕೆಲವನ್ನು ಗಮನಿಸಿ. ಗೆಳೆಯರ ಜೊತೆಗೂ ಮಾತು ಬಿಟ್ಟಿದ್ದಾನಾ? ಇಷ್ಟದ ತಿಂಡಿ, ಕ್ರಿಕೆಟ್ ಯಾವುದೂ ಬೇಡ ಅನ್ನುತ್ತಾನಾ? ಎಂಟು ಗಂಟೆಗೆ ಬದಲು ಹನ್ನೆರಡು ಗಂಟೆ ಮಲಗಿದರೂ ಸುಸ್ತು ಅನ್ನುತ್ತಾನಾ, ಅಥವಾ ನಿದ್ದೆಯೇ ಇಲ್ಲವಾ? ತೂಕ ಇಳಿದಿದೆಯಾ? ‘ನಾನಿದ್ದು ಏನು ಪ್ರಯೋಜನ’ ಎಂಬಂಥ ಮಾತು ಬಂದಿದೆಯಾ? ಇಂಥವು ಎರಡು ವಾರದ ಮೇಲೂ ಹಾಗೇ ಇದ್ದರೆ ಬುದ್ಧಿಮಾತು ನಿಲ್ಲಿಸಿ ವೈದ್ಯರಿಗೆ ತೋರಿಸಿ. ಕೊನೆಯದು ಒಂದು ಸಲ ಬಂದರೂ ಕಾಯಬೇಡಿ, ಅವನನ್ನು ಒಬ್ಬನೇ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಹಣ ಇಲ್ಲ, ಕನ್ನಡದಲ್ಲೇ ಮಾತಾಡಬಹುದು. ನೀವೂ ಮಾಡಬಹುದು, ಅವನೂ ಮಾಡಬಹುದು. ಟ್ರಿಪ್ ಹೋಗಲು ಹಠ ಹಿಡಿದಿದ್ದಾನೆ ಅನ್ನುವುದು ಈ ಲೆಕ್ಕದಲ್ಲಿ ನನಗೆ ಒಳ್ಳೆಯ ಸುದ್ದಿಯಾಗಿಯೇ ಕೇಳಿಸಿತು.

ಆ ಟ್ರಿಪ್‌ಗೆ ಬರೋಣ. ಹೋಗಲಿ. ಬೇಡ ಅಂದರೆ ಮನೆಯಲ್ಲಿ ಉಳಿಯುತ್ತಾನೆ, ಮುಖ ಊದಿಸಿಕೊಂಡು ಉಳಿಯುತ್ತಾನೆ. ಆದರೆ ಯಾರು ಯಾರು, ಎಲ್ಲಿಗೆ, ಯಾವ ಗಾಡಿ, ದುಡ್ಡು ಯಾರದು ಎಂಬ ನಾಲ್ಕು ಪ್ರಶ್ನೆಗೆ ಉತ್ತರ ಸಿಗಬೇಕು. ಮನೆಯ ದುಡ್ಡಾದರೆ ಎಷ್ಟು ಅಂತ ಅಪ್ಪನೇ ಹೇಳಲಿ. ದಿನದ ಬಗ್ಗೆ ಮಾತ್ರ ಒಂದು ಚೌಕಾಸಿ ಮಾಡಿ ನೋಡಿ. ಗೆಳೆಯರ ಮನೆಯಲ್ಲೂ ಸಂಕ್ರಾಂತಿ ಇರುತ್ತದೆ, ಅವರ ಅಮ್ಮಂದಿರೂ ಇದೇ ಮಾತು ಆಡುತ್ತಿರುತ್ತಾರೆ. ಹಬ್ಬದ ಮಧ್ಯಾಹ್ನ ಉಂಡು, ಎಳ್ಳು ಬೆಲ್ಲ ಕಟ್ಟಿಕೊಂಡು, ರಾತ್ರಿ ತಾಳಗುಪ್ಪದ ರೈಲು ಹತ್ತಿದರೆ ಬೆಳಗಾಗುವಷ್ಟರಲ್ಲಿ ಬೆಂಗಳೂರು. ಟ್ರಿಪ್ ಅಲ್ಲಿಂದ ಶುರುವಾಗಲಿ. ಹಬ್ಬದ ರಾತ್ರಿಯ ಬರ್ತ್ ಈಗ ಸಿಗುವುದು ಕಷ್ಟ, ರಿಸರ್ವೇಶನ್ 60 ದಿನ ಮೊದಲೇ ತೆರೆದಿರುತ್ತದೆ. ಸಿಗದಿದ್ದರೆ ಬಸ್ಸು ನೋಡಲಿ. ಒಪ್ಪದಿದ್ದರೆ ಈ ಸಲಕ್ಕೆ ಬಿಡಿ. ಆಗ ಎಳ್ಳು ಬೆಲ್ಲದ ಜೊತೆಗೆ ಗೆಳೆಯರಿಗೂ ಆಗುವಷ್ಟು ಚಕ್ಕುಲಿ ಕೊಟ್ಟು ಕಳಿಸಿ. ಅಡಿಕೆ ಲೆಕ್ಕದ ಶೀಟ್ ಹೋಗುವ ಮೊದಲು ಅಪ್ಪನ ಮೊಬೈಲ್‌ಗೆ ಹಾಕಿ, ಹೇಗೆ ತುಂಬಿಸುವುದು ಅಂತ ತೋರಿಸಿ ಹೋಗಬೇಕು ಅಂತ ಮಾತ್ರ ಹೇಳಿ. ಸುಗ್ಗಿ ಇನ್ನೂ ಒಂದು ತಿಂಗಳು ಇದೆಯಲ್ಲ.